ಬಲಕ್ಕೆ ಮುಖ ಮಾಡಿದ ಮೀನು

ಮೀನು ಯಾವಾಗಲೂ ಎಡಕ್ಕೇ ಮುಖ ಮಾಡಿರಬೇಕು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಇದು ಮೊದಲ ದಿನದ ಮೊದಲ ಪಾಠ. ತಲೆ ಎಡಕ್ಕೆ, ಬಾಲ ಬಲಕ್ಕೆ, ಪೆನ್ಸಿಲಿನ ಗೆರೆ ಎಲ್ಲೂ ಕಡಿಯಬಾರದು. ನನ್ನ ಮೇಜಿನ ಜೊತೆಗಾತಿ ಜಲಜಾಕ್ಷಿಯ ಮೀನುಗಳು ಮಾತ್ರ ಬಲಕ್ಕೆ ನೋಡುತ್ತಿದ್ದವು. ಅವಳು ಎಡಗೈಯಲ್ಲಿ ಬರೆಯುವವಳು, ಅವಳ ಕೈ ಓಡುತ್ತಿದ್ದುದೇ ಹಾಗೆ.

ಡೆಮಾನ್‌ಸ್ಟ್ರೇಟರ್ ವಾಮನಯ್ಯನವರು ಅವಳ ಹಾಳೆಯ ಮೂಲೆಯಲ್ಲಿ ಕೆಂಪು ಬಾಣವೊಂದನ್ನು ಎಳೆದು, "ಏನಮ್ಮಾ, ನಿನ್ನ ಮೀನುಗಳಿಗೆಲ್ಲ ಆ ಕಡೆ ಅದೇನು ಕೆಲಸ?" ಎಂದು ಗದರುತ್ತಿದ್ದರು.

"ಬದುಕಿದ್ದಾಗ ಎರಡೂ ಕಡೆ ಹೋಗ್ತಾವಲ್ಲ ಸಾರ್" ಎನ್ನುತ್ತಿದ್ದಳು ಜಲಜ.

ಬಾಣ ಬಿದ್ದರೂ ಅವಳ ಹಾಳೆಗೆ ಸಹಿ ಬೀಳುತ್ತಿತ್ತು. ಆ ಮೀನುಗಳು ಈಗಷ್ಟೇ ನೀರಿನಿಂದ ಬಂದವು ಎನ್ನುವಂತಿದ್ದವು. ನನ್ನವು ಇಸ್ತ್ರಿಪೆಟ್ಟಿಗೆಯ ಹಾಗಿರುತ್ತಿದ್ದವು. ನನಗೆ ಹೊಟ್ಟೆಕಿಚ್ಚಿತ್ತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ?

ಲ್ಯಾಬಿನ ಬೀರುವಿನ ಮೇಲೆ ಒಂದು ಪ್ಲಾಸ್ಟರಿನ ಮೀನಿತ್ತು. ಹೆಸರು ಸೀಲಕ್ಯಾಂತ್. ಡೈನೋಸಾರ್‌ಗಳ ಜೊತೆಗೇ ಅಳಿದುಹೋಯಿತೆಂದು ಲೋಕವೆಲ್ಲ ನಂಬಿದ್ದಾಗ ಅದು ಒಂದು ದಿನ ಯಾರದೋ ಬಲೆಗೆ ಜೀವಂತ ಬಿತ್ತಂತೆ. ವಾಮನಯ್ಯನವರು ಈ ಕತೆ ಹೇಳಿದಾಗ ಜಲಜ ನನ್ನ ಕಿವಿಯಲ್ಲಿ, "ನೋಡೇ, ಇವರೆಲ್ಲ ತಿಥಿ ಮಾಡಿ ಮುಗಿಸಿದ್ರು, ಅದು ತನ್ನ ಪಾಡಿಗೆ ಈಜ್ತಾ ಇತ್ತು" ಎಂದು ಕಿಸಕ್ಕನೆ ನಕ್ಕಳು. ಇಬ್ಬರೂ ಬೈಸಿಕೊಂಡೆವು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಬೇಕಾದರೆ ರೆಕಾರ್ಡ್ ಪುಸ್ತಕಕ್ಕೆ ವಾಮನಯ್ಯನವರ ಕೊನೆಯ ಸಹಿ ಬೇಕು. ನನ್ನ ಪುಸ್ತಕದಲ್ಲಿ ಸೀಲಕ್ಯಾಂತಿನ ಚಿತ್ರವೊಂದೇ ಬಾಕಿ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದ್ದೆ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಬೀರುವಿನಿಂದ ಜಲಜಳ ಪುಸ್ತಕವನ್ನು ಎತ್ತಿಕೊಂಡು ಮನೆಗೆ ಹೋದೆ. ಅವಳನ್ನು ಕೇಳಿದ್ದರೆ ಕೊಡುತ್ತಿದ್ದಳು. ಕೇಳಲು ಮನಸ್ಸು ಬರಲಿಲ್ಲ.

ನನ್ನ ಉಪಾಯ ಸರಳವಾಗಿತ್ತು. ಅವಳ ಮೀನನ್ನು ಹಿಂಬದಿಯಿಂದ ನಕಲಿಳಿಸಿದರೆ ಅದು ತಾನಾಗಿಯೇ ಎಡಕ್ಕೆ ತಿರುಗುತ್ತದೆ, ಯಾರಿಗೂ ಗುರುತು ಸಿಗುವುದಿಲ್ಲ. ದಾರ ಬಿಚ್ಚಿ ಹಾಳೆ ತೆಗೆದು ಕಿಟಕಿಯ ಗಾಜಿಗೆ ಹಿಡಿದೆ. ಎರಡು ದಪ್ಪ ಹಾಳೆ ದಾಟಿ ಗೆರೆ ಕಾಣಲಿಲ್ಲ. ಅಮ್ಮ ಕಸೂತಿಯ ನಮೂನೆ ಇಳಿಸುವಾಗ ಕಾಗದಕ್ಕೆ ಎಣ್ಣೆ ಸವರುತ್ತಿದ್ದುದು ನೆನಪಾಯಿತು. ತಲೆಗೆ ಹಚ್ಚುವ ಎಣ್ಣೆಯ ಶೀಸೆ ತಂದು ಜಲಜಳ ಹಾಳೆಗೆ ಸವರಿದೆ. ಚಿತ್ರದ ಮಗ್ಗುಲು ಹೊರಗೆ ಬರುವಂತೆ ಅದನ್ನು ಗಾಜಿನ ಹೊರಬದಿಗೆ ಅಂಟಿಸಿ, ಒಳಗಿನಿಂದ ನನ್ನ ಹಾಳೆ ಇಟ್ಟೆ. ಬಿಸಿಲಿನಲ್ಲಿ ಮೀನು ಮುಳ್ಳುಮುಳ್ಳೂ ಬಿಡದೆ ಎದ್ದು ಬಂತು. ಆಮೇಲೆ ಎಣ್ಣೆ ಒರೆಸಿ, ದಾರ ಕಟ್ಟಿ, ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಪುಸ್ತಕವನ್ನು ಬೀರುವಿನಲ್ಲಿಟ್ಟೆ.

ಒತ್ತಿ ಕಟ್ಟಿದ ಪುಸ್ತಕದಲ್ಲಿ ಎಣ್ಣೆ ಸುಮ್ಮನಿರುತ್ತದೆಯೇ? ಹಿಂದೆ ಮುಂದೆ ಇದ್ದ ಹಾಳೆಗಳಿಗೆಲ್ಲ ಹರಡಿತ್ತು. ವಾಮನಯ್ಯನವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ರೆಕಾರ್ಡೋ, ಬೋಂಡ ಕಟ್ಟಿಕೊಟ್ಟ ಕಾಗದವೋ?" ಎಂದರು. ತರಗತಿಯೆಲ್ಲ ನಕ್ಕಿತು. ಜಲಜ ಸೀಲಕ್ಯಾಂತಿನ ಹಾಳೆಯನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂಗೇನಾದ್ರೂ ಗೊತ್ತೇನೇ?"

"ಇಲ್ಲಪ್ಪ, ನಂಗೇನು ಗೊತ್ತು?" ಎಂದೆ.

ಅವಳಿಗೆ ಸಹಿ ಸಿಗಲಿಲ್ಲ. ಮುಂದಿನ ವರ್ಷ ಬಾ ಎಂದರು. ಅವಳ ಮನೆಯವರು ಇನ್ನೊಂದು ವರ್ಷ ಓದಿಸಲು ಒಪ್ಪಲಿಲ್ಲ, ಮೂರೇ ತಿಂಗಳಲ್ಲಿ ಮದುವೆ ಮಾಡಿ ಬೇರೆ ಊರಿಗೆ ಕಳಿಸಿದರು. ನನ್ನ ಮೀನಿಗೆ ಹತ್ತಕ್ಕೆ ಹತ್ತು ಬಿತ್ತು. ನಾನು ಅದೇ ವಿಷಯದ ಅಧ್ಯಾಪಕಿಯಾದೆ. ಬಲಕ್ಕೆ ನೋಡುವ ಮೀನು ಕಂಡಾಗಲೆಲ್ಲ ಮಕ್ಕಳ ಹಾಳೆಯ ಮೇಲೆ ಕೆಂಪು ಬಾಣ ಎಳೆದೆ. ಪ್ರತಿ ಸಲವೂ ಕೈ ಒಂದು ಗಳಿಗೆ ತಡೆಯುತ್ತಿತ್ತು. ಆದರೂ ಎಳೆದೆ.

ನಿವೃತ್ತಳಾದ ಮೇಲೆ ಹೊತ್ತು ಹೋಗದೆ ಅಂತರ್ಜಾಲದಲ್ಲಿ ಮೀನಿನ ಹುಚ್ಚಿನವರ ಒಂದು ಗುಂಪಿಗೆ ಸೇರಲು ಹೊರಟೆ. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿರಲಿಲ್ಲ, ಒಂದು ಅಡ್ಡಹೆಸರು ಬೇಕಿತ್ತು. ಹಳೆಯದು, ಆದರೂ ಇನ್ನೂ ಅಳಿದಿಲ್ಲ ಎಂದು ಜಂಭದಿಂದ 'ಸೀಲಕ್ಯಾಂತ್' ಎಂದು ಟೈಪ್ ಮಾಡಿದೆ. 'ಈ ಹೆಸರು ಬೇರೆಯವರ ಬಳಿ ಇದೆ, ಇನ್ನೊಂದನ್ನು ಆರಿಸಿ' ಎಂದಿತು. ನನಗೆ ರೇಗಿತು. ಯಾರಪ್ಪಾ ಈ ಬುದ್ಧಿವಂತರು ಎಂದು ತೆರೆದು ನೋಡಿದೆ.

ಮುಖದ ಚಿತ್ರದ ಜಾಗದಲ್ಲಿ ಪೆನ್ಸಿಲಿನ ಮೀನೊಂದಿತ್ತು. ಬಲಕ್ಕೆ ನೋಡುತ್ತಿತ್ತು. ಕಾಗದ ಹಳದಿಗಟ್ಟಿ, ಎಣ್ಣೆ ಕುಡಿದು ಗಾಜಿನಂತಾಗಿತ್ತು. ಮೂಲೆಯಲ್ಲಿ ಕೆಂಪು ಬಾಣ.

ಬಾಯಿಗೆ ಬಂದ 'ಮತ್ಸ್ಯ೬೧' ಎಂಬ ಹೆಸರು ಕೊಟ್ಟು ಒಳಗೆ ಹೋಗಿ, ಎಂಟು ದಿನ ಕಳ್ಳಿಯ ಹಾಗೆ ಅವಳು ಬರೆದದ್ದನ್ನೆಲ್ಲ ಓದಿದೆ. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿತು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಅವಳು ಆ ಗುಂಪಿಗೆ ಹಿರಿಯಳಾಗಿದ್ದಳು, ಯಾರು ಯಾವ ಮೀನಿನ ಫೋಟೋ ಹಾಕಿದರೂ ಹೆಸರು ಹೇಳುತ್ತಿದ್ದಳು. ಸದ್ಯ, ನನ್ನಿಂದ ಏನೂ ಹಾಳಾಗಿಲ್ಲ ಎಂದುಕೊಂಡೆ. ಆ ಸಮಾಧಾನ ಎರಡು ದಿನ ಬಾಳಲಿಲ್ಲ. ಯಾರೋ ಅವಳನ್ನು, "ಮೇಡಂ, ಯಾವ ಕಾಲೇಜಲ್ಲಿ ಪಾಠ ಮಾಡ್ತಿದ್ರಿ?" ಎಂದು ಕೇಳಿದ್ದರು. ಅವಳು, "ಪಾಠ ಮಾಡೋ ಆಸೆ ಇತ್ತು ಕಣಪ್ಪ. ಕಾಲೇಜೇ ಮುಗಿಸೋಕಾಗ್ಲಿಲ್ಲ" ಎಂದು ಬರೆದಿದ್ದಳು.

ಒಂಬತ್ತನೆಯ ದಿನ ಅವಳೊಬ್ಬಳಿಗೇ ಕಾಣುವಂತೆ ಎಲ್ಲವನ್ನೂ ಬರೆದೆ. ಬೀರು, ಎಣ್ಣೆ, ಗಾಜು, ಹತ್ತಕ್ಕೆ ಹತ್ತು. ಕೊನೆಯಲ್ಲಿ ನನ್ನ ಹೆಸರು ಹಾಕಿದೆ. ಮಾರನೆಯ ಮಧ್ಯಾಹ್ನ ಉತ್ತರ ಬಂತು.

"ಗೊತ್ತಿತ್ತು. ಹಾಳೆ ಮೂಗಿನ ಹತ್ರ ಹಿಡಿದಾಗ್ಲೇ ಗೊತ್ತಾಯ್ತು. ಮೆಂತ್ಯ, ದಾಸವಾಳ ಹಾಕಿ ಎಣ್ಣೆ ಕಾಯಿಸ್ತಿದ್ದಿದ್ದು ನಿಮ್ಮಮ್ಮ ಒಬ್ರೇ. ನನ್ನ ತಲೆಗೂ ಎಷ್ಟು ಸಲ ಹಚ್ಚಿದ್ರು. ನಿನ್ನ ಹೆಸರು ಹೇಳಿದ್ರೆ ನಿಂಗೂ ಸಹಿ ಸಿಗ್ತಿರ್ಲಿಲ್ಲ. ನೀನೇ ಬಂದು ಹೇಳ್ತೀಯ ಅಂತ ಸಂಜೆವರೆಗೂ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದೆ. ನೀನು ಹಿಂದಿನ ಬಾಗಿಲಿಂದ ಹೋದೆ. ಈ ಹೆಸರು ಮಾತ್ರ ನಿಂಗೆ ಕೊಡಲ್ಲ ಕಣೇ."

ಹೌದು, ಅಂದು ಹಿಂದಿನ ಬಾಗಿಲಿನಿಂದಲೇ ಹೋಗಿದ್ದೆ. ಅದು ಅವಳಿಗೆ ಕಂಡಿತ್ತೆಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ. ಬಹಳ ಹೊತ್ತು ಅತ್ತೆ.

ಆಮೇಲೆ 'ಮತ್ಸ್ಯ೬೧' ಅಳಿಸಿ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಟೈಪ್ ಮಾಡಿದೆ. ಅದು ಯಾರ ಬಳಿಯೂ ಇರಲಿಲ್ಲ. ಟ್ರಂಕಿನ ತಳದಿಂದ ನನ್ನ ರೆಕಾರ್ಡ್ ಪುಸ್ತಕ ಹುಡುಕಿ, ದಾರ ಬಿಚ್ಚಿ, ಆ ಮೀನಿನ ಹಾಳೆಯನ್ನು ಹಿಂದುಮುಂದಾಗಿ ಕಿಟಕಿಯ ಗಾಜಿಗೆ ಹಿಡಿದೆ. ಬಿಸಿಲು ಚೆನ್ನಾಗಿತ್ತು. ಮೀನು ನಿಧಾನವಾಗಿ ಮೂಡಿ ಬಲಕ್ಕೆ ಮುಖ ಮಾಡಿ ನಿಂತಿತು. ಅದರ ಕೆಳಗೆ ಹತ್ತಕ್ಕೆ ಹತ್ತು ಮತ್ತು ವಾಮನಯ್ಯನವರ ಸಹಿ, ಎರಡೂ ಉಲ್ಟಾ ಕಾಣುತ್ತಿದ್ದವು.