ಶಾಶ್ವತವಾಗಿ ಮುಚ್ಚಲಾಗಿದೆ

ಊದುಬತ್ತಿಯ ಹೊಗೆ ಮೂಗಿಗೆ ಬರುತ್ತದೆ, ಹೂವಿನ ತಟ್ಟೆ ಇನ್ನೂ ಆ ಕಡೆಯ ಸಾಲಿನಲ್ಲಿದೆ, ಒಬ್ಬೊಬ್ಬರೂ ಫಾತಿಹಾ ಓದಿ ಒಂದೊಂದು ಹೂವನ್ನು ಅತ್ತರಿನ ಬಟ್ಟಲಿಗೆ ಹಾಕುತ್ತಾರೆ, ನನ್ನ ಹತ್ತಿರ ಬರುವಷ್ಟರಲ್ಲಿ ಒತ್ತಿಬಿಡಬೇಕು — ಹಾಜಿಮಲಂಗನ ತಾಯಿಯ ಮೂರನೆಯ ದಿನದ ಜಿಯಾರತ್ತಿನಲ್ಲಿ ಕುಳಿತು ಶಾಲಿನ ಕೆಳಗೆ ಫೋನು ಹಿಡಿದಿದ್ದೇನೆ, ಯಾ ಅಲ್ಲಾ, ನೋಡು, ಅವನು ಮಾಡಿದ್ದನ್ನು ಅಂದೂ ನೋಡಿದ್ದೀಯಲ್ಲ. ಬರ್ರಿ ಮೆಹತಾಬ್ ಚಾಚಾ, ಕುಂದ್ರಿ, ನೀವ್ ಬಂದಿದ್ದು ಭಾಳ ಛಲೋ ಆತು ಎಂದು ಹಾಜಿಮಲಂಗ ಬಾಗಿಲಲ್ಲೇ ತಬ್ಬಿಕೊಂಡ, ಅವನ ಕಣ್ಣೀರು ನನ್ನ ಹೆಗಲ ಮೇಲೆ ಇನ್ನೂ ಒದ್ದೆಯಿದೆ, ನನ್ನ ಮಗ ಫರ್ಹಾನ್ ಹೋದಾಗಲೂ ಹೀಗೆಯೇ ತಬ್ಬಿಕೊಂಡಿದ್ದ, ಅದೇ ಕೈ, ಮಗನಿಗೆ ಮಣ್ಣು ಕೊಟ್ಟ ಕೈ. ಫರ್ಹಾನನ ಜಿಯಾರತ್ ಮುಗಿಯುವ ತನಕ ನಮ್ಮ ಪರಸಿ ಕಲ್ಲಿನ ಅಂಗಡಿಗೆ ಬೀಗ ಹಾಕಿದ್ದೆ, ಶಹಾಬಾದಿನಲ್ಲಿ ಎಲ್ಲರೂ ಹಾಗೆಯೇ, ಬೀಗ ತೆಗೆದ ಮೇಲೆ ಗಿರಾಕಿಯೇ ಇಲ್ಲ, ಹೈದರಾಬಾದಿನ ಲಾರಿಗಳು ನಮ್ಮ ಬಾಗಿಲು ದಾಟಿ ಹಾಜಿಮಲಂಗನ ಕಲ್ಲಿನ ಅಂಗಳಕ್ಕೆ ತಿರುಗುತ್ತಿದ್ದವು, ಅಲ್ಲಾನ ಮರ್ಜಿ ಎಂದೆ, ಅಲ್ಲಾನ ಮರ್ಜಿ ಅಲ್ಲ ಮಾಮು, ಇಲ್ ನೋಡ್ರಿ ಎಂದು ಸೊಸೆ ತಬಸ್ಸುಮ್ ಫೋನಿನ ನಕ್ಷೆ ತೋರಿಸಿದಳು, ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರ, ಶಾಶ್ವತವಾಗಿ ಮುಚ್ಚಲಾಗಿದೆ, ಓದಿದಾಗ ನನಗೆ ಅಂಗಡಿ ನೆನಪಾಗಲಿಲ್ಲ, ಮಗನ ಕಬರು ನೆನಪಾಯಿತು, ನಮ್ಮ ಅಂಗಳದಿಂದ ನಾನೇ ಆರಿಸಿದ ಚಪ್ಪಡಿಗಳು, ಒಂದೊಂದಾಗಿ ಹೊದಿಸಿ ಕೊನೆಯದನ್ನು ನನಗೆ ಬಿಟ್ಟರು, ಗೇಣು ಸಂದಿಯಲ್ಲಿ ಕಫನ್ನಿನ ಬಿಳಿ ಬಟ್ಟೆ.

ಅಬ್ಬಾ, ಈಗ ಗಿರಾಕಿ ದಾರಿ ಕೇಳೋದು ಚಾದಂಗಡ್ಯಾಗ ಅಲ್ಲ, ಫೋನಿನ್ಯಾಗ, ಫರ್ಹಾನ್ ಹೇಳುತ್ತಿದ್ದ, ನಾನು ನಗುತ್ತಿದ್ದೆ, ಹುಚ್ಚಾ, ವಾಡಿ, ಸೇಡಂ, ಚಿಂಚೋಳಿ ತನಾ ನಮ್ಮ ಹೆಸರು ಮಂದಿ ಬಾಯಾಗ ಅದ, ನಿನ್ನ ಫೋನಿಗೇನ್ ಗೊತ್ತು — ಅಂಗಡಿಯನ್ನು ನಕ್ಷೆಗೆ ಹಾಕಿದವನು ಅವನೇ, ಸರಿಪಡಿಸಬೇಕೆಂದರೆ ಅವನ ನಂಬರಿಗೇ ಸಂದೇಶ ಬರುತ್ತದಂತೆ, ಆ ಸಿಮ್ಮನ್ನು ನಾನೇ ಮುರಿದು ಕಾಗಿಣಾ ಹೊಳೆಗೆ ಎಸೆದಿದ್ದೆ, ಫರ್ಹಾನ್ ಭಾಯಿ ಇದ್ದಾರೇನ್ರಿ ಎಂಬ ಕರೆಗಳು ನಿಲ್ಲಲಿ ಎಂದು. ಆಮೇಲೆ ಹಾಜಿಮಲಂಗನ ಲಾರಿ ಓಡಿಸುವ ಚಾಂದ್ ಬಂದು ಬಾಯಿಬಿಟ್ಟ, ಚಾಚಾ, ಅಲ್ಲಾನ ಆಣಿ, ನಿಮ್ಮ ದುಕಾನ್ ಬಂದ್ ಆಗ್ಯಾದ ಅಂತ ಸೇಟ್ ನಮ್ಮೆಲ್ಲಾರ ಕಡಿಂದ ಫೋನಿನ್ಯಾಗ ಒತ್ತಿಸ್ಯಾರ. ಬಹಳ ಮಂದಿ ಹೇಳಿದರೆ ನಕ್ಷೆ ನಂಬುತ್ತದೆ, ಬೀಗ ಯಾಕೆ ಎಂದು ವಿಚಾರಿಸುವುದಿಲ್ಲ. ಫರ್ಹಾನ್ ಹೋದ ಆ ದಿನಗಳಲ್ಲಿ ನಮ್ಮ ಒಲೆ ಹತ್ತಿರಲಿಲ್ಲ, ಇವನ ತಾಯಿ ಬಷೀರಾ ರೊಟ್ಟಿ ದಾಲ್ಚಾ ಹೊತ್ತು ತಂದಳು, ಉಣ್ರಿ ಭಾಯಿ, ಸತ್ತವರ ಸಂಗಟ ಸಾಯಾಕ ಬರಂಗಿಲ್ಲ, ತಾಯಿ ಬಡಿಸುತ್ತಿದ್ದಳು, ಮಗ ಒತ್ತಿಸುತ್ತಿದ್ದ, ಗೊತ್ತಿದ್ದರೆ ಅವನ ಕೈ ಮುರಿಯುತ್ತಿದ್ದಳು, ಈಗ ಅವಳಿಲ್ಲ, ಇವತ್ತು ಇವನ ಅಂಗಡಿಗೆ ಬೀಗ. ಇವನ ಅಂಗಡಿ ಮುಚ್ಚಿದೆ ಎಂದು ನಮ್ಮ ಆಳುಗಳೆಲ್ಲ ಬೆಳಿಗ್ಗೆಯೇ ಒತ್ತಿದ್ದಾರೆ, ನನ್ನದೊಂದು ಉಳಿದಿದೆ. ಬ್ಯಾಡ ಮಾಮು, ಆಕಿ ಕೈಯಾಂದು ಉಂಡೀವಿ ಎಂದಳು ತಬಸ್ಸುಮ್ — ಉಂಡಿದ್ದೇವೆ, ಅದಕ್ಕೇ ಗಂಟಲಲ್ಲಿ ನಿಂತಿದೆ, ಅವನಿಗೂ ನಿಲ್ಲಲಿ, ಅವನೂ ಬಾಗಿಲಲ್ಲಿ ಕುಳಿತು ಲಾರಿಗಳ ಧೂಳು ತಿನ್ನಲಿ.

ತಟ್ಟೆ ಬಂತು, ತಗೋರಿ ಚಾಚಾ, ಹಾಜಿಮಲಂಗನೇ ಹಿಡಿದಿದ್ದಾನೆ, ಕಣ್ಣು ಕೆಂಪು, ನನ್ನ ಬಲಗೈಯಲ್ಲಿ ಹೂವು, ತುಟಿಯ ಮೇಲೆ, ಯಾ ಅಲ್ಲಾ, ನಿನ್ನ ಹೆಸರು, ಎಡಗೈಯ ಹೆಬ್ಬೆರಳಿನ ಕೆಳಗೆ ಫೋನು ಕೇಳುತ್ತದೆ, ಈ ಸ್ಥಳ ಮುಚ್ಚಿದೆಯೇ, ಮುಚ್ಚಿದೆ, ಮುಚ್ಚಲಿ, ಹೆಬ್ಬೆರಳು ಇಳಿಯುತ್ತಿದೆ, ಚಪ್ಪಡಿಯಷ್ಟು ಭಾರ, ಹಾಕ್ರಿ ಚಾಚಾ, ಎಲ್ಲಾರೂ ಕಾಯಾಕತ್ತ್ಯಾರ, ಸಂದಿಯಲ್ಲಿ ಬಿಳಿ ಬಟ್ಟೆ, ಫರ್ಹಾನನದೋ ಬಷೀರಾಳದೋ, ಗೇಣು ಸಂದಿ, ಬೆರಳಗಲ ಸಂದಿ, ಬಿಳಿ ಬಟ್ಟೆ