ಹುಲ್ಲಿನಲ್ಲಿ ಉಳಿದ ಪೆನ್ನಿ

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಆ ವಸಂತದಲ್ಲಿ ರಾನಲ್ಡ್ ಗೆಡ್ಡಿಸ್ ತನ್ನ ಮನೆಯ ಹಜಾರದಲ್ಲಿ ನಿಂತು, ಅಡ್ಡ ಮಲಗಿಸಿದ ಚಹಾ ಲೋಟದೊಳಕ್ಕೆ ಗಾಲ್ಫ್ ಚೆಂಡು ತಳ್ಳುತ್ತಿದ್ದ. ಬೆಳಿಗ್ಗೆ ಓಟ್ಸ್ ಗಂಜಿ ಕುಡಿದು ತಳ್ಳುತ್ತಿದ್ದ, ಮಧ್ಯಾಹ್ನ ಬೇಳೆ ಸೂಪು ಕುಡಿದು ತಳ್ಳುತ್ತಿದ್ದ. ದೂರ ಯಾವಾಗಲೂ ಒಂದೇ: ಒಂದು ಊರುಗೋಲಿನಷ್ಟು, ಅದರ ಮೇಲೊಂದು ಗೇಣು. ಜಗತ್ತಿನ ಜನ ಉಸಿರಿಗಾಗಿ ಪರದಾಡುತ್ತಿರುವಾಗ ತಾನು ಒಂದು ಲೋಟದ ಜೊತೆ ಹೋರಾಡುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು. ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಆದರೆ ನಾಚಿಕೆ ಚೆಂಡಿನ ದಾರಿಗೆ ಅಡ್ಡ ಬರುವಂಥದ್ದಲ್ಲ.

"ಆ ಲೋಟದ ಹಿಡಿ ಮುರೀತು ಅಂದ್ರೆ ನಾಳೆಯಿಂದ ನಿನಗೆ ಚಹಾ ಚೆಂಡಲ್ಲೇ," ಎಂದಳು ಒಳಗಿನಿಂದ ಹೆಂಡತಿ ನೆಟ್ಟಾ.

ರಾನಲ್ಡ್ ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಮೂರು ತಲೆಮಾರಿನ ಮಕ್ಕಳಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾಕೆ ಬೀಸುತ್ತದೆ ಎಂದು ವಿವರಿಸಿದ್ದ. ಆ ಗಾಳಿಗೆ ಚೆಂಡು ಹೊಡೆದರೆ ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಮಾತ್ರ ಅವನ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಫೈಫ್ ಕರಾವಳಿಯ ಆ ಪುಟ್ಟ ಊರಿನಲ್ಲಿ ಕಡಲಿಗೂ ಮನೆಗಳಿಗೂ ನಡುವೆ ಇದ್ದದ್ದು ಗಾಲ್ಫ್ ಮೈದಾನ ಒಂದೇ. ಅಲ್ಲಿ ಅವನು ವಾರಕ್ಕೆ ಮೂರು ದಿನ ವಾಟಿ ಲಮ್ಸ್ಡನ್ ಜೊತೆ ಆಡಿ, ಮೂರು ದಿನವೂ ಸೋಲುತ್ತಿದ್ದ.

ವಾಟಿ ಹಲ್ಲಿನ ಡಾಕ್ಟರನಾಗಿದ್ದವನು. ಮದುವೆಯಾಗಿರಲಿಲ್ಲ. ಮನೆ ಎದುರು ಬದಿಯಲ್ಲೇ. ಜೀವಮಾನವೆಲ್ಲ ಬೇರೆಯವರ ಬಾಯಿ ತೆರೆಸಿದ್ದರಿಂದಲೋ ಏನೋ, ತನ್ನ ಬಾಯಿ ತೆರೆಯುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಇಬ್ಬರೂ ಪ್ರತಿ ಮಾರ್ಚಿನಲ್ಲಿ ಒಂದು ನೆಗ್ಗಿದ ಚಹಾ ಡಬ್ಬಿಗಾಗಿ ಪಂದ್ಯ ಆಡುತ್ತಿದ್ದರು. ಗೆದ್ದವನ ಮನೆಯ ಬೆಂಕಿಗೂಡಿನ ಮೇಲೆ ಆ ಡಬ್ಬಿ ಮುಂದಿನ ಮಾರ್ಚಿನವರೆಗೆ ಕೂರುತ್ತಿತ್ತು. ಅದು ರಾನಲ್ಡನ ಮನೆಯನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನೆಟ್ಟಾ ಧೂಳು ಒರೆಸುವಾಗ ಆ ಖಾಲಿ ಜಾಗವನ್ನು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಒರೆಸುತ್ತಿದ್ದಳು.

ಈ ಮಾರ್ಚಿನಲ್ಲಿ ಮಾತ್ರ ಗಾಳಿ ರಾನಲ್ಡನ ಪರ ನಿಂತಿತು. ಕೊನೆಯ ಗುಳಿಗೆ ಬರುವಾಗ ಇಬ್ಬರೂ ಸಮ. ವಾಟಿಯ ಆಟ ಮುಗಿದಿತ್ತು. ರಾನಲ್ಡನ ಚೆಂಡು ಗುಳಿಯಿಂದ ಒಂದು ಊರುಗೋಲು, ಒಂದು ಗೇಣು ದೂರದಲ್ಲಿ ನಿಂತಿತ್ತು. ತಳ್ಳಿದರೆ ಗೆಲುವು.

ಇಂಥಲ್ಲಿ ಈ ಆಟದಲ್ಲೊಂದು ರೂಢಿ ಇದೆ. ಚೆಂಡು ಗುಳಿಗೆ ತೀರ ಹತ್ತಿರವಿದ್ದರೆ ಎದುರಾಳಿ "ಎತ್ಕೋ" ಎನ್ನುತ್ತಾನೆ. ಅಂದರೆ ಚೆಂಡು ಗುಳಿಗೆ ಬಿದ್ದ ಹಾಗೆಯೇ ಲೆಕ್ಕ. ಕೊಟ್ಟದ್ದನ್ನು ಆಮೇಲೆ ಹಿಂತೆಗೆದುಕೊಳ್ಳುವಂತಿಲ್ಲ. ಪಡೆದವನೂ ಬೇಡವೆನ್ನುವಂತಿಲ್ಲ. ಕೊಡುವುದು ಬಿಡುವುದು ಎದುರಾಳಿಯ ಇಷ್ಟ, ಆದರೆ ಕೇಳುವಂತಿಲ್ಲ. ಅದನ್ನು ಬಾಯಿಬಿಟ್ಟು ಕೇಳುವುದಕ್ಕಿಂತ ಚರ್ಚಿನ ಕಾಣಿಕೆ ತಟ್ಟೆಯಿಂದ ಚಿಲ್ಲರೆ ಎತ್ತಿಕೊಳ್ಳುವುದು ವಾಸಿ.

ರಾನಲ್ಡ್ ಕಾದ. ಕೋಲನ್ನು ಒರೆಸಿದ. ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಇಳಿಜಾರು ನೋಡುವವನ ಹಾಗೆ ನಟಿಸಿದ. ಅವನು ನಿಜಕ್ಕೂ ನೋಡುತ್ತಿದ್ದದ್ದು ವಾಟಿಯ ಬೂಟುಗಳನ್ನು. ಬೂಟುಗಳು ಅಲುಗಲಿಲ್ಲ. ವಾಟಿ ಕಡಲಿನ ಕಡೆಗೆ ಮುಖ ಮಾಡಿ ನಿಂತೇ ಇದ್ದ. ಬೆಳಕು ಇಳಿಯುತ್ತಿತ್ತು. ಆ ಮೌನ ಎಷ್ಟು ಹೊತ್ತು ಎಳೆಯಿತೆಂದರೆ ರಾನಲ್ಡನಿಗೆ ಸಿಟ್ಟು ಬಂತು. ಇಷ್ಟು ವರ್ಷದ ಸ್ನೇಹಕ್ಕೆ ಒಂದು ಗೇಣಿನ ಬೆಲೆಯೂ ಇಲ್ಲವೇ?

"ಕತ್ತಲಾಯ್ತು. ನಾಳೆ ಬೆಳಿಗ್ಗೆ ಮುಗಿಸೋಣ," ಎಂದ. ಹಾಗೆ ನಿಲ್ಲಿಸುವುದಕ್ಕೆ ಅವಕಾಶವಿದೆ. ಚೆಂಡೆತ್ತಿ, ಅದರ ಜಾಗದಲ್ಲಿ ಗುರುತಿಗೆ ತನ್ನ ಹಳೆಯ ಪೆನ್ನಿ ನಾಣ್ಯವನ್ನಿಟ್ಟು, ಶುಭರಾತ್ರಿಯನ್ನೂ ಹೇಳದೆ ಮನೆಗೆ ಬಂದ. ಊಟದ ಹೊತ್ತಿಗೆ ಟೀವಿಯಲ್ಲಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆಜ್ಞೆ ಬಂತು. ಮೈದಾನ ಮುಚ್ಚಿತು. ದೇಶದ ಪಾಲಿಗೆ ಅದು ಮಹಾಮಾರಿ. ರಾನಲ್ಡನಿಗೆ ಅದು ವಾಟಿಯ ಮೌನದ ಮುಂದುವರಿಕೆಯಂತೆ ಕಂಡಿತು. ಹೀಗನ್ನಿಸಿದ್ದಕ್ಕೆ ತನ್ನ ಬಗ್ಗೆಯೇ ಅಸಹ್ಯಪಟ್ಟುಕೊಂಡ. ಆಮೇಲೆ ಎದ್ದುಹೋಗಿ ಲೋಟ ಹುಡುಕಿದ.

ಗುರುವಾರ ಸಂಜೆ ಊರಿನವರೆಲ್ಲ ಬಾಗಿಲಿಗೆ ಬಂದು, ಆಸ್ಪತ್ರೆಯಲ್ಲಿ ದುಡಿಯುವವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು, ಪಾತ್ರೆ ಬಡಿಯುತ್ತಿದ್ದರು. ರಾನಲ್ಡ್ ಮೊದಲ ವಾರ ಕೈಯಲ್ಲಿದ್ದ ಗಾಲ್ಫ್ ಕೋಲಿನಿಂದಲೇ ಬಾಣಲೆ ಬಡಿದು ನೆಟ್ಟಾಳಿಂದ ಬೈಸಿಕೊಂಡ. ಎದುರು ಬಾಗಿಲಲ್ಲಿ ವಾಟಿ ಒಂದು ಸಣ್ಣ ಚಮಚದಿಂದ ಹಾಲಿನ ಬಾಟಲಿಯನ್ನು ಟಿಣ್ ಟಿಣ್ ಎನ್ನಿಸುತ್ತ, ರಾನಲ್ಡನ ತಲೆಯ ಮೇಲಿನ ಚಿಮಣಿ ನೋಡುತ್ತಿದ್ದ. ರಾನಲ್ಡ್ ವಾಟಿಯ ಚಿಮಣಿ ನೋಡುತ್ತಿದ್ದ. ಅಷ್ಟು ಗದ್ದಲದ ನಡುವೆ ಇಬ್ಬರೂ ಒಂದು ಮಾತೂ ಆಡಲಿಲ್ಲ ಎಂಬುದು ಬೀದಿಯಲ್ಲಿ ನೆಟ್ಟಾಳ ಹೊರತು ಯಾರಿಗೂ ಕೇಳಿಸಲಿಲ್ಲ.

ನೆಟ್ಟಾ ವಾಟಿಯ ಹೊಸ್ತಿಲಲ್ಲಿ ಸೂಪಿನ ಪಾತ್ರೆ ಇಟ್ಟು, ದೂರ ನಿಂತು, ಅವನ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದಳು. ಅವನು ಸೊರಗಿದ್ದಾನೆ, ಒಂದೇ ಸ್ವೆಟರು ಹಾಕಿಕೊಂಡಿರುತ್ತಾನೆ ಎಂದು ಗಂಡನಿಗೆ ವರದಿ ಮಾಡಿದಳು. ಫೋನಾದರೂ ಮಾಡು ಎಂದಳು.

"ಮಾಡಿ ಏನ್ ಮಾತಾಡ್ಲಿ?" ಎಂದ ರಾನಲ್ಡ್.

ಅವನು ಮೊಂಡುತನಕ್ಕೆ ಹಾಗೆಂದದ್ದು. ಆದರೆ ಲೋಟದ ಮುಂದೆ ನಿಂತಾಗ ಅದೇ ನಿಜವೆನ್ನಿಸಿತು. ಇಷ್ಟು ವರ್ಷಗಳಲ್ಲಿ ಅವರು ಗಾಳಿ, ಇಳಿಜಾರು, ಪೊದೆಯಲ್ಲಿ ಕಳೆದ ಚೆಂಡು ಇವುಗಳ ಹೊರತು ಬೇರೇನನ್ನೂ ಮಾತಾಡಿರಲಿಲ್ಲ. ರಾನಲ್ಡನ ತಾಯಿ ತೀರಿಕೊಂಡ ವಾರವೂ ವಾಟಿ ಹೇಳಿದ್ದು, "ಇವತ್ತು ಗಾಳಿ ಎಡದಿಂದ," ಎಂದಷ್ಟೇ. ಆಗ ರಾನಲ್ಡನಿಗೆ ಅಷ್ಟೇ ಸಾಕೆನ್ನಿಸಿತ್ತು. ಕಾಲ ಕೆಳಗೆ ಹುಲ್ಲಿಲ್ಲದೆ ಅವರಿಗೆ ಭಾಷೆಯೇ ಇರಲಿಲ್ಲ.

ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಬಹುದಿತ್ತು. ಮೈದಾನದಲ್ಲಿ ಆಡುವಂತಿರಲಿಲ್ಲ, ನಡೆಯಬಹುದಿತ್ತು. ಕೆಲವು ವಾರ ಮನಸ್ಸು ಬಿಗಿಹಿಡಿದು, ಕೊನೆಗೊಂದು ಮಧ್ಯಾಹ್ನ ರಾನಲ್ಡ್ ಹೊರಟ. ಕಾಲುಗಳು ತಾವಾಗಿ ಕೊನೆಯ ಗುಳಿಯ ಕಡೆಗೆ ನಡೆದವು. ಪೆನ್ನಿ ಇಟ್ಟಲ್ಲೇ ಇತ್ತು. ಗುಳಿ ಇರಲಿಲ್ಲ.

ಮೈದಾನ ನೋಡಿಕೊಳ್ಳುವವರು ಬಾವುಟಗಳನ್ನು ಕಿತ್ತು, ಗುಳಿಗಳಿಗೆಲ್ಲ ಮಣ್ಣು ಹಾಕಿ, ಮೇಲೆ ಹುಲ್ಲಿನ ಬಿಲ್ಲೆ ಕೂರಿಸಿ ಹೋಗಿದ್ದರು. ಆಟ ನಿಂತರೆ ಹಾಗೆಯೇ ಮಾಡುತ್ತಾರೆ. ಅದನ್ನು ಅವನೂ ಬಲ್ಲ. ಬಗ್ಗಿ ನೋಡಿದರೆ ಹುಲ್ಲಿನಲ್ಲಿ ಕಾಣುವಂಥ ಒಂದು ದುಂಡನೆಯ ಗಾಯ, ಅದರಿಂದ ಒಂದು ಊರುಗೋಲು ಒಂದು ಗೇಣು ಆಚೆ ಒಂದು ನಾಣ್ಯ. ಅಷ್ಟೆ. ಅಷ್ಟು ದಿನ ಹಜಾರದಲ್ಲಿ ಅವನು ಸಿಟ್ಟನ್ನು ತಳ್ಳಿದ್ದು ಇಲ್ಲದ ಗುಳಿಗೆ. ಅವನು ಬಹಳ ಹೊತ್ತು ನಿಂತ. ಬುದ್ಧಿ ಬರುವುದಿದ್ದರೆ ಅಲ್ಲಿಯೇ ಬರಬೇಕಿತ್ತು. ಬರಲಿಲ್ಲ. ಬದಲಿಗೆ ಅವನ ಕಣ್ಣಿಗೆ ಇನ್ನೊಂದು ಬಿತ್ತು. ಸುತ್ತ ಹುಲ್ಲು ಹೆಬ್ಬೆರಳುದ್ದ ಬೆಳೆದಿತ್ತು. ನಾಣ್ಯದ ಸುತ್ತ ಮಾತ್ರ ಒಂದು ತಟ್ಟೆಯಗಲ ನೀಟಾಗಿ ಕತ್ತರಿಸಿದಂತಿತ್ತು. ಯಾರೋ ಇಲ್ಲಿಗೆ ಬರುತ್ತಿದ್ದಾರೆ. ಬಂದು ನಾಣ್ಯದ ಮೇಲೆ ಕೈಯಾಡಿಸುತ್ತಿದ್ದಾರೆ.

ಸರಿಸುತ್ತಿದ್ದಾರೆ, ಎಂದುಕೊಂಡಿತು ಅವನ ಮನಸ್ಸು. ದಿನಕ್ಕೊಂದು ಕೂದಲೆಳೆಯಷ್ಟು ದೂರಕ್ಕೆ.

ಈ ಸಂಶಯ ಬಂದಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ. ದೂರ ಅಳೆಯಲು ತನ್ನ ಗಾಲ್ಫ್ ಕೋಲೇ ಬೇಕು, ಅದು ಇದ್ದಮೇಲೆ ಒಂದು ಸಲ ತಳ್ಳಿಯೂ ನೋಡಬಹುದು ಎಂದು ಲೆಕ್ಕ ಹಾಕಿದ. ಆದರೆ ಕೋಲು ಹಿಡಿದು ಬೀದಿಗಿಳಿದರೆ ಊರೇ ನೋಡುತ್ತದೆ. ಮಾರನೆಯ ಬೆಳಿಗ್ಗೆ ಅದನ್ನು ಪ್ಯಾಂಟಿನ ಬಲಗಾಲಿನೊಳಗೆ ಇಳಿಬಿಟ್ಟು, ಬೆಲ್ಟಿನಿಂದ ಬಿಗಿದು, ಮೇಲೆ ಉದ್ದ ಕೋಟು ಹಾಕಿ ಹೊರಟ. ಕಾಲು ಮಡಚುತ್ತಿರಲಿಲ್ಲ. ಬೇಕರಿಯ ಮುಂದೆ ದೂರ ದೂರ ಸಾಲು ನಿಂತಿದ್ದವರು ಅಯ್ಯೋ ಪಾಪ, ಮಂಡಿನೋವಾ ಮೇಷ್ಟ್ರೇ ಎಂದು ವಿಚಾರಿಸಿದರು. ಸೊಂಟದಿಂದ ಶುರುವಾಗಿದ್ದು ಎಂದ ರಾನಲ್ಡ್, ಅದರಲ್ಲಿ ಸುಳ್ಳಿರಲಿಲ್ಲ.

ಕಡಲಿನಿಂದ ಎದ್ದ ಮಂಜು ಮೈದಾನದ ಮೇಲೆ ಕೂತಿತ್ತು. ಕೊನೆಯ ಗುಳಿಯ ಹುಲ್ಲಿನ ಮೇಲೆ ಒಬ್ಬ ಮುದುಕ ಮಂಡಿಯೂರಿದ್ದ. ಕೈಯಲ್ಲಿ ಅಡುಗೆಮನೆಯ ಕತ್ತರಿ.

"ಏನ್ ಮಾಡ್ತಿದ್ದೀಯ ಅಲ್ಲಿ?" ಎಂದ ರಾನಲ್ಡ್.

ವಾಟಿ ಬೆಚ್ಚಲಿಲ್ಲ. ಇನ್ನೂ ನಾಲ್ಕು ಎಳೆ ಕತ್ತರಿಸಿದ. "ಹುಲ್ಲು ಕತ್ತರಿಸ್ತಿದ್ದೀನಿ. ನಿನ್ನ ಕಾಲಿಗೇನಾಯ್ತು?"

"ಕಾಲಿಗೇನೂ ಆಗಿಲ್ಲ. ನಾಣ್ಯ ಸರಿಸ್ತಿದ್ದೀಯ ನೀನು."

"ಎಲ್ಲಿಗೆ ಸರಿಸ್ಲೋ? ಗುಳಿನೇ ಇಲ್ವಲ್ಲ."

ವಾಟಿ ನಿಧಾನವಾಗಿ ಎದ್ದು, ಮಂಡಿ ಕೊಡವಿ, ನಿಯಮದಷ್ಟು ದೂರ ಹಿಂದೆ ಸರಿದು ನಿಂತ. ಸ್ವೆಟರು ನೆಟ್ಟಾ ಹೇಳಿದ್ದೇ. ಅದರೊಳಗೆ ಅವನು ಅರ್ಧ ಆಗಿದ್ದ.

"ಹುಲ್ಲು ಬೆಳೆದು ನಾಣ್ಯ ಮುಚ್ಚಿಹೋಗ್ತಿತ್ತು," ಎಂದ ವಾಟಿ. "ಆಮೇಲೆ ವಾಟಿ ಕದ್ದ ಅಂತ ಊರೆಲ್ಲ ಡಂಗುರ ಸಾರ್ತಿದ್ದೆ. ನಿನ್ನ ಬುದ್ಧಿ ನನಗೊತ್ತಿಲ್ವಾ."

ಗೊತ್ತಿರದೆ ಏನು. ರಾನಲ್ಡ್ ಮರದ ಕಾಲಿನ ಕಡಲುಗಳ್ಳನ ಹಾಗೆ ಒಂದೇ ಕಾಲ ಮೇಲೆ ಭಾರ ಹಾಕಿ ನಿಂತಿದ್ದ. ಆ ಕ್ಷಣದಲ್ಲಿ, ಕೇಳಲೇಬಾರದ ಆ ಮಾತು ಅವನ ಬಾಯಿಂದ ಹೊರಬಿತ್ತು.

"ಆವತ್ತು ಯಾಕೆ ಎತ್ಕೋ ಅನ್ಲಿಲ್ಲ ನೀನು?"

ದೂರದ ಜೊತೆಗೆ ಅಲೆಗಳ ಸದ್ದು. ವಾಟಿ ಕಿವಿಗೆ ಕೈ ಹಿಡಿದ. ಪಿಸುಮಾತಿನಲ್ಲಿ ಕೇಳಬೇಕಾದ್ದನ್ನು ಕೂಗಿ ಕೇಳಬೇಕಾದ ಕಾಲ ಅದು. ರಾನಲ್ಡ್ ಮತ್ತೊಮ್ಮೆ ಕೂಗಿ ಕೇಳಿದ. ಎರಡನೆಯ ಸಲ ಮೊದಲಿಗಿಂತ ಹೀನಾಯವಾಗಿ ಕೇಳಿಸಿತು.

"ಗುರಿ ತಪ್ಪಿಸ್ತೀಯ ಅಂತ ಗೊತ್ತಿತ್ತು," ಎಂದು ವಾಟಿಯೂ ಕೂಗಿದ.

ವಾಟಿ ಕತ್ತರಿಯನ್ನು ತೆರೆದು ಮುಚ್ಚಿದ. ಮತ್ತೆ ತೆರೆದ.

"ಅದೊಂದೇ ಅಲ್ಲ. ಎಲ್ಲಾ ಮುಚ್ತಾರೆ ಅಂತ ವಾರದಿಂದ ರೇಡಿಯೋದಲ್ಲಿ ಹೇಳ್ತಿದ್ರು. ಅಂದಿದ್ರೆ ಆಟ ಅಲ್ಲಿಗೆ ಮುಗೀತಿತ್ತು. ನಾಳೆಗೆ ಅಂತ ಏನಾದ್ರೂ ಇರ್ಲಿ ಅನ್ನಿಸ್ತು."

ಅವನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ರಾನಲ್ಡ್ ಕೇಳಿರಲೇ ಇಲ್ಲ. ಹಲ್ಲು ಕೀಳಿಸಿಕೊಂಡವನ ಹಾಗೆ ವಾಟಿ ಕೆನ್ನೆ ಸವರಿಕೊಂಡ. ಏನಾದರೂ ಹೇಳಬೇಕೆಂದು ರಾನಲ್ಡ್ ಮನಸ್ಸಿನಲ್ಲೆಲ್ಲ ತಡಕಾಡಿದ. ಅಲ್ಲಿ ಒಂದು ಲೋಟ, ಒಂದು ಚೆಂಡು ಬಿಟ್ಟರೆ ಏನೂ ಇರಲಿಲ್ಲ.

"ಇವತ್ತು ಗಾಳಿನೇ ಇಲ್ಲ," ಎಂದ.

"ಇಲ್ಲ," ಎಂದ ವಾಟಿ. ಕತ್ತರಿಯನ್ನು ಜೇಬಿಗೆ ಹಾಕಿ, "ಸರಿ. ಎತ್ಕೋ. ಕೊಟ್ಟಿದ್ದೀನಿ," ಎಂದ.

ಅಷ್ಟು ವಾರಗಳಿಂದ ಕಾದ ಮಾತು. ಬಂದಾಗ ರಾನಲ್ಡನಿಗೆ ಆದದ್ದು ಗಾಬರಿ. "ಈಗ ಬೇಡ. ನಾನೇ ತಳ್ತೀನಿ. ಅಷ್ಟು ಅಭ್ಯಾಸ ಮಾಡಿದ್ದೀನಿ ಕಣೋ."

"ಗೊತ್ತು. ಲೋಟಕ್ಕೆ. ನೆಟ್ಟಾ ಹೇಳಿದ್ಳು. ಬೇಡ ಅನ್ನೋ ಹಾಗಿಲ್ಲ, ನಿಯಮ. ನೀನು ಗೆದ್ದೆ. ಡಬ್ಬಿ ಒರೆಸಿ ಬಾಗಿಲಲ್ಲಿಟ್ಟಿರ್ತೀನಿ, ತಗೊಂಡು ಹೋಗು."

ನಿಯಮ ನಿಯಮವೇ. ಅಷ್ಟು ವರ್ಷಗಳ ಮೇಲೆ ರಾನಲ್ಡ್ ಗೆದ್ದಿದ್ದ, ಚೆಂಡು ಮುಟ್ಟದೆ, ಗುಳಿಯೂ ಇಲ್ಲದೆ, ಕಾಲು ಮಡಚಲಾಗದೆ. ಆದರೂ ಅವನು ಬೆಲ್ಟಿಗೆ ಕೈ ಹಾಕಿದ. ಪ್ಯಾಂಟಿನೊಳಗಿಂದ ಆ ಕೋಲನ್ನು ಎಳೆಯುವುದು ನೋಡುವಂಥ ದೃಶ್ಯವಾಗಿರಲಿಲ್ಲ. ವಾಟಿ ಮುಖ ತಿರುಗಿಸಿ ಕಡಲಿನ ಕಡೆ ನೋಡಿದ, ಆ ಸಂಜೆ ನೋಡಿದ ಹಾಗೆಯೇ.

ರಾನಲ್ಡ್ ಜೇಬಿನಿಂದ ಚೆಂಡು ತೆಗೆದು ಪೆನ್ನಿಯ ಮುಂದಿಟ್ಟ, ಪೆನ್ನಿ ಎತ್ತಿದ. ಅದರಡಿಯಲ್ಲಿ ಬಿಸಿಲು ಕಾಣದ ಹುಲ್ಲು ಹಳದಿಗಟ್ಟಿ, ನಾಣ್ಯದಷ್ಟೇ ದುಂಡಗೆ ಮಲಗಿತ್ತು. ಹಜಾರದಲ್ಲಿ ತಳ್ಳಿದ ಹಾಗೆಯೇ ತಳ್ಳಿದ. ಉದ್ದ ಹುಲ್ಲಿನಲ್ಲಿ ಚೆಂಡು ಹೊರಳಿ, ತೂಕಡಿಸಿ, ಮುಚ್ಚಿದ ಗುಳಿಯ ಎಡಗಡೆ ಒಂದು ಅಂಗೈ ಆಚೆ ಹೋಗಿ ನಿಂತಿತು.

ಅವನು ತಲೆ ಎತ್ತಿದ. ವಾಟಿಯ ಬೆನ್ನು ಇನ್ನೂ ಇತ್ತಲೇ ಇತ್ತು.

"ನೋಡಿದ್ಯಾ?"

"ಏನನ್ನ?" ಎಂದ ವಾಟಿ, ಕಡಲಿಗೆ.

ಮಂಜಿನಲ್ಲಿ ಕಡಲು ಕಾಣುತ್ತಲೇ ಇರಲಿಲ್ಲ. ರಾನಲ್ಡ್ ಚೆಂಡು ಹೆಕ್ಕಿ ಜೇಬಿಗೆ ಹಾಕಿದ. ಕೋಲನ್ನು ಮತ್ತೆ ಪ್ಯಾಂಟಿನೊಳಗೆ ಇಳಿಸಿ ಬೆಲ್ಟು ಬಿಗಿದ. ಪೆನ್ನಿ ಅಂಗೈಯಲ್ಲಿ ತಣ್ಣಗಿತ್ತು. ಅದನ್ನೂ ಜೇಬಿಗೆ ಹಾಕಬೇಕಿತ್ತು. ಒಂದು ಕಾಲು ಸೆಟೆದುಕೊಂಡೇ ಹೇಗೋ ಬಗ್ಗಿ, ಹಳದಿ ಹುಲ್ಲಿನ ಮೇಲೆ, ಅಂಚಿಗೆ ಅಂಚು ಕೂಡಿಸಿ, ಇದ್ದ ಹಾಗೆಯೇ ಇಟ್ಟ.

"ನಾಳೆ ಕತ್ತರಿ ನಾನು ತರ್ತೀನಿ," ಎಂದ.