ದೂರು ಕೊಟ್ಟವರು

"ಇದನ್ನ ತಿಂತೀರಾ ನೀವು? ನಮ್ಮನೆ ನಾಯೀನೂ ಮೂಸಲ್ಲ ಇದನ್ನ."

ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಪೆನ್ನಿನ ತುದಿಯಿಂದ ಡಬ್ಬದ ಹಿಟ್ಟನ್ನು ಕೆದಕಿದ. ಬೆರಳು ತಾಗಿಸಲಿಲ್ಲ. ಡಬ್ಬ, ಸದಾ ಗೊಣಗುವುದಕ್ಕೇ ಕೇರಿಯೆಲ್ಲ ಹಾಗೆ ಕರೆಯುವ ಗೊಣಗಜ್ಜಿಯದು. ಬೆಳಿಗ್ಗೆಯೇ ಬಂದು ಗಿರಣಿಯ ಸರದಿಯಲ್ಲಿ ಮೊದಲು ನಿಂತಿದ್ದಳು, ಹಿಟ್ಟು ಇನ್ನೂ ಬಿಸಿಯಾಗಿತ್ತು. ಅವನು ಬೂಟುಗಾಲಿನಿಂದ ಡಬ್ಬವನ್ನು ಒಂದಿಷ್ಟೇ ತಳ್ಳಿದ. ಅದು ಮಗುಚಿತು. ಅಜ್ಜಿ ಕುಕ್ಕರುಗಾಲಲ್ಲಿ ಕೂತು, ನೆಲದ ಧೂಳು ಸೇರದಂತೆ ಮೇಲು ಮೇಲಿನ ಹಿಟ್ಟನ್ನು ಬೊಗಸೆಯಲ್ಲಿ ಬಾಚತೊಡಗಿದಳು. ಅವನು ಬೂಟು ಸರಿಸಲಿಲ್ಲ. ಅದರ ಸುತ್ತಲೇ ಬಾಚಿದಳು.

ಗಿರಣಿ ನನ್ನ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳೊಬ್ಬಳೇ ನಡೆಸಿದ್ದಳು. ಕಲ್ಲು ಸವೆದರೆ ಉಳಿ ಸುತ್ತಿಗೆ ಹಿಡಿದು ತಾನೇ ಕುಟ್ಟಿ ಚೂಪು ಮಾಡುತ್ತಿದ್ದಳು. ಏನು ತಪ್ಪಾಗಿದೆ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಅವಳು ಕೇಳಿದಾಗ ಅವನು ಅವಳ ಕೈಗಳನ್ನು ನೋಡಿದ.

"ತಪ್ಪಾ? ಇಂಥ ಕೈಯಲ್ಲಿ ಬೀಸಿದ್ದೇ ತಪ್ಪು. ನನ್ನನ್ಯಾಕೆ ಹಾಗೆ ನೋಡ್ತೀಯ? ದೂರು ಕೊಟ್ಟಿರೋದು ನಿಮ್ಮ ಕೇರಿಯೋರೇ."

ಬಾಗಿಲಿಗೆ ಬೀಗ ಬಿತ್ತು. ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಸೀಲು ಹಾಕಿದರು. ಹೊರಗೆ ಲೈನ್‌ಮನ್ ಏಣಿ ಹತ್ತಿ ಕಂಬದಿಂದ ತಂತಿ ಕತ್ತರಿಸಿದ. ಪಕ್ಕದ ಕೇರಿಯವನೇ, ಅವನ ಮನೆಯ ಹಿಟ್ಟೂ ಇಲ್ಲೇ ಬೀಸುತ್ತಿದ್ದದ್ದು. ಅವನು ಕೆಳಗೆ ನೋಡಲೇ ಇಲ್ಲ. ಆದರೆ 'ನಿಮ್ಮ ಕೇರಿಯೋರೇ' ಎಂಬ ಮಾತು ಬಿದ್ದದ್ದೇ ತಡ, ಸರದಿಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿದ್ದರು. ನನ್ನ ಕಡೆಗೆ.

ನಾನು ಹಿಟ್ಟಿನ ಕಂಪನಿಯ ಗೋದಾಮಿನಲ್ಲಿ ಕೂಲಿ. ಕಂಪನಿ ಊರಿಗೆ ಬಂದು ಮೂರು ವರ್ಷವಾಗಿತ್ತು. ಮೊದಲು ಮಾರುಕಟ್ಟೆಗೆ ಬರುವ ಗೋಧಿ, ಜೋಳವನ್ನೆಲ್ಲ ಅದೇ ಕೊಳ್ಳತೊಡಗಿತು. ಆಮೇಲೆ ಮನೆ ಮನೆಗೆ ಕರೆಂಟು ಹಂಚುವ ಗುತ್ತಿಗೆಯೂ ಅದರ ಪಾಲಾಯಿತು. ಹಿಟ್ಟಿನ ಪೊಟ್ಟಣದ ಮೇಲೂ ನಮ್ಮ ಮೀಟರುಗಳ ಮೇಲೂ ಒಂದೇ ಹಳದಿ ಸೂರ್ಯ. ಪೊಟ್ಟಣದ ಮೇಲೆ 'ಯಾರ ಕೈಯೂ ಮುಟ್ಟದ ಹಿಟ್ಟು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ತುಂಬಿ, ತೂಗಿ, ಬಾಯಿ ಅಂಟಿಸುತ್ತಿದ್ದವರು ನಾವು ಹದಿನಾಲ್ಕು ಹೆಂಗಸರು. ಸಂಜೆ ಗೇಟಿನಲ್ಲಿ ಸೆರಗು ಕೊಡವಿಸಿ, ತುರುಬು ಬಿಚ್ಚಿಸಿ, ಸೊಂಟಕ್ಕೆ ಕೈ ಹಾಕಿ ನೋಡಿ ಹೊರಗೆ ಬಿಡುತ್ತಿದ್ದರು. ಉಗುರಿನ ಸಂದಿಯ ಹಿಟ್ಟನ್ನೂ ಅಲ್ಲೇ ತೊಳೆದು ಹೋಗಬೇಕು.

ಗಿರಣಿ ಮುಚ್ಚಿದ ಮಾರನೆಯ ದಿನದಿಂದ ನಾನು ನಲ್ಲಿಯ ಹತ್ತಿರ ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಹೊಲಿಗೆಯವಳು ನನ್ನ ರವಿಕೆ ಬಟ್ಟೆಯನ್ನು ಹೊಲಿಯದೆ ವಾಪಸು ಕಳಿಸಿದಳು, ಮಿಷನ್ನು ಕೆಟ್ಟಿದೆಯಂತೆ. ಅದರ ಸದ್ದು ಮಾತ್ರ ಮಧ್ಯಾಹ್ನವೆಲ್ಲ ಕೇಳುತ್ತಲೇ ಇತ್ತು. ಗೊಣಗಜ್ಜಿ ದಿನಾ ಹೊಸಿಲ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, ಸರಿಯಾಗಿ ನಾನು ದಾಟುವ ಹೊತ್ತಿಗೆ ಗಾಳಿಗೆ ಬೈಯುತ್ತಿದ್ದಳು: "ಉಣ್ಣೋ ಅನ್ನಕ್ಕೆ ಮಣ್ಣು ಹಾಕಿದ ಮುಂಡೇರ ಬಾಯಿಗೆ ಹುಳ ಬೀಳ."

ನಾನೊಬ್ಬಳೇ ಅಲ್ಲ. ಅಂಗಡಿಯವನ ಮೇಲೂ ಗುಮಾನಿ, ಪೊಟ್ಟಣಗಳನ್ನು ಎದುರಿಗೇ ಜೋಡಿಸಿದ್ದಾನೆಂದು. ಹೊಲಿಗೆಯವಳು ಹಿಂದೊಮ್ಮೆ ಸರದಿಗಾಗಿ ಅತ್ತಿಗೆಯೊಂದಿಗೆ ಜಗಳವಾಡಿದ್ದು ಯಾರಿಗೋ ನೆನಪಾಯಿತು. ಒಬ್ಬರ ಮನೆಯ ಬಾಗಿಲು ತೆರೆದರೆ ಎದುರು ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆದರೆ ಹೊಟ್ಟೆ ಕೇಳಬೇಕಲ್ಲ. ಡಬ್ಬಗಳಲ್ಲಿ ಕಾಳು ಹಾಗೇ ಇತ್ತು, ಹಲ್ಲಿಲ್ಲದವರ ಮುಂದೆ ಕಡಲೆ ಇಟ್ಟ ಹಾಗೆ. ಕೊನೆಗೆ ಎಲ್ಲರೂ ಪೊಟ್ಟಣವನ್ನೇ ತಂದರು, ಕದ್ದ ಮಾಲಿನಂತೆ ಸೆರಗಿನಡಿ ಮುಚ್ಚಿಕೊಂಡು.

ನಾನು ಅತ್ತಿಗೆಯ ಮನೆಗೆ ಹೋದೆ. ಅವಳು ಮೊರದಲ್ಲಿ ಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು, ಬೀಸಲು ಗಿರಣಿಯಿಲ್ಲದಿದ್ದರೂ.

"ನಾನಲ್ಲ ಅತ್ತಿಗೆ."

"ನೀನು ಅಂತ ನಾನಂದ್ನಾ?"

ಕೂತ್ಕೋ ಎನ್ನಲಿಲ್ಲ. ತಲೆಯನ್ನೂ ಎತ್ತಲಿಲ್ಲ. ನಾನು ಹೊರಟೆ.

ದಾರಿಯಲ್ಲಿ ಒಂದು ವಿಷಯ ಅಂಗಾಲಿನ ಮುಳ್ಳಿನ ಹಾಗೆ ಚುಚ್ಚತೊಡಗಿತು. ಎರಡು ತಿಂಗಳ ಹಿಂದೆ ಗೋದಾಮಿನ ಸೂಪರ್‌ವೈಸರು ನನ್ನನ್ನು ಕಂಪನಿಯ ಒಬ್ಬ ಮೇಡಮ್ಮಿನ ಜೊತೆ ಕಳಿಸಿದ್ದ. ನಿಮ್ಮ ಕೇರಿ ಅಲ್ಲವಾ, ನೀನಿದ್ದರೆ ಬಾಗಿಲು ತೆಗೆಯುತ್ತಾರೆ ಎಂದಿದ್ದ. ಮೇಡಂ ಮನೆಗೊಂದು ಪೊಟ್ಟಣ ಪುಕ್ಕಟೆ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡಿದ್ದಳು. ಬರೆಯಲು ಬರದವರು ಹೆಬ್ಬೆಟ್ಟು ಒತ್ತಿದ್ದರು. ಶಾಯಿಯ ಡಬ್ಬಿ ಹಿಡಿದಿದ್ದವಳು ನಾನು. ಹಾಳೆಯ ಮೇಲ್ಭಾಗ ಹಿಂದಕ್ಕೆ ಮಡಿಸಿತ್ತು. ನನಗೆ ಓದಲು ಬರುತ್ತದೆ. ಆದರೂ ಬಿಚ್ಚಿ ನೋಡಿರಲಿಲ್ಲ. ಒಂದು ದಿನ ಗೋದಾಮಿನ ಧೂಳು ತಪ್ಪಿತಲ್ಲ ಎಂಬ ಖುಷಿಯಲ್ಲಿ ಅವಳ ಚೀಲವನ್ನೂ ನಾನೇ ಹೊತ್ತಿದ್ದೆ.

ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಏನಿದೆ, ಬರೀ ಅನುಮಾನ ತಾನೇ ಎಂದುಕೊಂಡೆ.

ಹತ್ತನೆಯ ದಿನ ಅತ್ತಿಗೆಗೆ ಇನ್‌ಸ್ಪೆಕ್ಟರ ಆಫೀಸಿಗೆ ಬರುವಂತೆ ನೋಟೀಸು ಬಂತು. ಅವಳ ಹಿಂದೆ ಇಡೀ ಕೇರಿಯೇ ಹೊರಟಿತು. ಬೆನ್ನಿಗೆ ನಿಲ್ಲಲಿಕ್ಕಲ್ಲ, ದೂರು ಕೊಟ್ಟವರು ಯಾರೆಂದು ತಿಳಿಯಲಿಕ್ಕೆ. ನಾನೂ ಕೆಲಸಕ್ಕೆ ಚಕ್ಕರ್ ಹೊಡೆದು ಹೋದೆ.

ಒಂದು ಗಂಟೆಗೂ ಹೆಚ್ಚು ಹೊತ್ತು ವರಾಂಡದಲ್ಲಿ ನಿಲ್ಲಿಸಿದರು. ಬೆಂಚು ಖಾಲಿಯಿತ್ತು. ಗೊಣಗಜ್ಜಿ ಕೂರಲು ಹೋದರೆ ಜವಾನ ಗದರಿಸಿದ. ಒಳಗೆ ಕರೆದಾಗ ನನ್ನ ಕಣ್ಣು ಮೊದಲು ಹೋದದ್ದು ಗೋಡೆಯ ಕ್ಯಾಲೆಂಡರಿನ ಕಡೆಗೆ. ಅಲ್ಲೂ ಹಳದಿ ಸೂರ್ಯ.

ಹೆಸರು ಹೇಳುವ ಹಾಗಿಲ್ಲ ಎಂದ ಇನ್‌ಸ್ಪೆಕ್ಟರು. ಹೇಳುವತನಕ ಇಲ್ಲಿಂದ ಕದಲುವುದಿಲ್ಲ ಎಂದಳು ಅತ್ತಿಗೆ. ಕೊನೆಗೆ ಅವನೇ ಬೇಸತ್ತು, ಓದಿ ಹಾಕಯ್ಯ ಅತ್ಲಾಗೆ ಎಂದು ಗುಮಾಸ್ತನಿಗೆ ಹೇಳಿದ. 'ಗಿರಣಿಯ ಹಿಟ್ಟು ಕೊಳಕು, ಮುಚ್ಚಿಸಿ' ಎಂಬ ಒಕ್ಕಣೆಯ ಕೆಳಗಿದ್ದ ಮೊದಲ ಹೆಸರನ್ನು ಗುಮಾಸ್ತ ಓದಿದ. ಮೊದಲಿಗೆ ಯಾರಿಗೂ ಗುರುತು ಹತ್ತಲಿಲ್ಲ.

"ಯಾವಳವಳು?" ಎಂದಳು ಗೊಣಗಜ್ಜಿ.

"ಅದು ನಿನ್ ಹೆಸರೇ ಕಣಜ್ಜಿ, ರೇಷನ್ ಕಾರ್ಡಲ್ಲಿರೋದು," ಎಂದಳು ಹೊಲಿಗೆಯವಳು. ನಲವತ್ತು ವರ್ಷಗಳಿಂದ ಯಾರೂ ಕರೆಯದ ಹೆಸರು ಅದು. ಎರಡನೆಯದು ಹೊಲಿಗೆಯವಳದೇ. ಮೂರನೆಯದು ಅವಳ ಪಕ್ಕದ ಮನೆಯದು. ಗುಮಾಸ್ತ ಕೇರಿಯ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದ ಹಾಗೆ ಓದುತ್ತಾ ಹೋದ. ಹದಿನೇಳನೆಯ ಹೆಸರು ಅತ್ತಿಗೆಯದು.

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

"ನನ್ನ ಮೇಲೆ ನಾನೇ ದೂರು ಕೊಟ್ಟೆನಾ ಸಾರ್?"

"ಸಹಿ ನಿಂದೇ ತಾನೇ? ಪುಕ್ಕಟೆ ಸಿಕ್ರೆ ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತೋ ಜಾತಿ ನಿಮ್ದು. ಈಗ ಅನುಭವಿಸಿ."

ದೂರು ವಾಪಸು ತೆಗೆದುಕೊಳ್ಳಬೇಕಾದರೆ ಪಟ್ಟಿಯಲ್ಲಿರುವ ನಲವತ್ತೆರಡು ಜನವೂ ಬೇರೆ ಬೇರೆ ಅರ್ಜಿ ಕೊಡಬೇಕು, ಅದು ಮೇಲಿನ ಆಫೀಸಿಗೆ ಹೋಗಿ ಬರಬೇಕು, ಅಲ್ಲಿಯವರೆಗೆ ಪೊಟ್ಟಣ ತಿನ್ನಿ, ಒಳ್ಳೆಯ ಮಾಲು ಎಂದ. ಆಗ ಹೊಲಿಗೆಯವಳು ಮೆಲ್ಲಗೆ, ಆ ಮೇಡಂ ಬಂದಿದ್ದಳಲ್ಲ ಎಂದಳು. ಗುಮಾಸ್ತ ನನ್ನನ್ನೇ ನೋಡುತ್ತಿದ್ದ, ಗೋದಾಮಿನಲ್ಲಿ ಕಂಡ ಗುರುತಿತ್ತೇನೋ. ಇಲ್ಲಿ ಬಾಯಿ ಬಿಟ್ಟರೆ ಸುದ್ದಿ ಕಂಪನಿಗೆ ಮುಟ್ಟಿ ನಾಳೆ ಗೋದಾಮಿನ ಗೇಟು ತೆರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಅವಳನ್ನ ಮನೆ ಮನೆಗೆ ಕರ್ಕೊಂಡು ಬಂದೋಳು ನಾನು. ಹಾಳೆ ಮೇಲ್ಗಡೆ ಮಡಿಸಿತ್ತು. ನೋಡ್ದೆ. ಬಿಚ್ಚಿ ಓದ್ಲಿಲ್ಲ."

ಗೊಣಗಜ್ಜಿ ನನ್ನ ಪಾದದ ಮೇಲೆ ಉಗಿದಳು. ಅತ್ತಿಗೆ ನನ್ನತ್ತ ನೋಡಿ, ತಿರುಗಿ ಮೆಟ್ಟಿಲಿಳಿದಳು. ಹಿಂದೆ ಕೇರಿ, ಎಲ್ಲರಿಗಿಂತ ಹಿಂದೆ ನಾನು.

ಅವಳು ನೇರ ಮನೆಗೆ ಹೋಗಿ ಸುತ್ತಿಗೆ ಹಿಡಿದು ಗಿರಣಿಗೆ ಬಂದಳು. ಮೊದಲ ಏಟಿಗೆ ಅರಗು ಸಿಡಿಯಿತು. ಬೀಗಕ್ಕೆ ನಾಲ್ಕು ಏಟು ಬೇಕಾಯಿತು. ಒಳಗೆ ಕರೆಂಟಿರಲಿಲ್ಲ. ಅವಳು ಮೋಟರಿನ ಬೆಲ್ಟು ಕಳಚಿ ಎಸೆದು, ಕಲ್ಲು ತಿರುಗಿಸುವ ದೊಡ್ಡ ಗಾಲಿಯ ಅಂಚನ್ನು ಹಿಡಿದು ಒಮ್ಮೆ ಜಗ್ಗಿದಳು. ಅದು ಗೇಣಷ್ಟು ತಿರುಗಿ ನಿಂತಿತು. ಒಂದು ಬದಿಯವರು ಕೆಳಕ್ಕೆ ಒತ್ತಬೇಕು, ಇನ್ನೊಂದು ಬದಿಯವರು ಮೇಲಕ್ಕೆ ಎತ್ತಬೇಕು, ಒಬ್ಬರ ಕೈ ಬಿಟ್ಟೊಡನೆ ಇನ್ನೊಬ್ಬರ ಕೈ ಬೀಳಬೇಕು ಎಂದು ತೋರಿಸಿದಳು. ಗೊಣಗಜ್ಜಿ ತನ್ನ ಕಾಳನ್ನು ಸುರಿದು, ಹಿಟ್ಟು ಬೀಳುವ ಬಾಯಿಗೆ ಡಬ್ಬ ಒಡ್ಡಿ ಕೂತಳು.

ಒತ್ತುವ ಬದಿಗೆ ಅತ್ತಿಗೆ, ಹೊಲಿಗೆಯವಳು, ಇನ್ನಿಬ್ಬರು ನಿಂತರು. ಎತ್ತುವ ಬದಿಗೆ ನಾನು ಹೋಗಿ ನಿಂತೆ. ಕಲ್ಲು ನರಳಿತು, ಕದಲಿತು, ತಿರುಗಿತು.

ಡಬ್ಬದ ತಳ ಮುಚ್ಚುವಷ್ಟು ಹಿಟ್ಟು ಬೀಳುವ ಹೊತ್ತಿಗೆ ಜೀಪು ಬಂತು. ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು, ಸೀಲು ಒಡೆದವರು ಯಾರೆಂದು ಕೇಳಿದ.

ಅತ್ತಿಗೆ ಗಾಲಿ ಬಿಡಲಿಲ್ಲ. "ದೂರು ಕೊಟ್ಟೋರೇ ಒಡೆದ್ವಿ ಸಾರ್. ಪಟ್ಟಿ ನಿಮ್ಮತ್ರಾನೇ ಇದೆಯಲ್ಲ."

ಅವನು ಹೊರಗೆ ಹೋಗಿ ಫೋನಿನಲ್ಲಿ ಪೊಲೀಸರನ್ನು ಕರೆಯತೊಡಗಿದ. ಅಜ್ಜಿ ಹಿಟ್ಟನ್ನು ಬೆರಳ ನಡುವೆ ನುರಿದು, ತರಿ ತರಿ, ಇನ್ನೊಂದು ಸಲ ಬೀಸಿ ಎಂದು ಗೊಣಗಿದಳು. ಬಾಗಿಲ ಹೊರಗೆ ಡಬ್ಬ ಹಿಡಿದವರ ಸಾಲು ಬೆಳೆಯುತ್ತಿತ್ತು. ಒತ್ತುವ ಬದಿಯವರು ದಣಿದರೆ ಬೇರೆಯವರು ಬಂದು ಅವರ ಜಾಗದಲ್ಲಿ ನಿಲ್ಲುತ್ತಿದ್ದರು. ನನ್ನ ಬದಿಗೆ ಯಾರೂ ಬರಲಿಲ್ಲ. ನಾನೂ ಕರೆಯಲಿಲ್ಲ. ಅಂಗೈಯ ತೊಗಲು ಕಿತ್ತು ಗಾಲಿಯ ಅಂಚು ಜಾರತೊಡಗಿತು. ಸೆರಗನ್ನು ಕೈಗೆ ಸುತ್ತಿಕೊಂಡು ಮತ್ತೆ ಎತ್ತಿದೆ.